ಲಂಡನ್ನಿನ ಕನ್ನಡ ಮದುವೆಗಳಲ್ಲಿ ತಾಂಬೂಲ

ಮದುವೆಗೆ ಬಂದವರು ಊಟ ಮುಗಿಸಿ ಹೊರಡುವಾಗ ಮದುವೆಮನೆಯವರು ಅವರ ಕೈಗೆ ಕೊಡುವ ಎಲೆ, ಅಡಿಕೆ, ತೆಂಗಿನಕಾಯಿ, ಅವುಗಳ ಜೊತೆಗೆ ಬರುವ ಹಣ್ಣು, ಸಿಹಿ, ರವಿಕೆ ಕಣ ಇವನ್ನೆಲ್ಲ ಒಟ್ಟಾಗಿ ತಾಂಬೂಲವೆಂದು ಕರೆಯುವುದು ಕನ್ನಡನಾಡಿನ ರೂಢಿ. ಹಳೆ ಮೈಸೂರು ಸೀಮೆಯಲ್ಲಿ ಅದು ವಧೂವರರ ಹೆಸರೂ ಮದುವೆಯ ತಾರೀಖೂ ಅಚ್ಚಾದ ಚೀಲದಲ್ಲಿ ಬರುತ್ತದೆ. ಉತ್ತರ ಕರ್ನಾಟಕದಲ್ಲಿ ಉಡಿ ತುಂಬುವ, ಆಹೇರ ಮಾಡುವ ಶಾಸ್ತ್ರಗಳೊಂದಿಗೆ ಹೆಣೆದುಕೊಂಡಿದೆ. ಗ್ರೇಟರ್ ಲಂಡನ್ನಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮದುವೆಗಳಲ್ಲಿ ಈ ತಾಂಬೂಲಕ್ಕೆ ಇನ್ನೊಂದು ಪದ್ಧತಿ ಎದುರಾಗಿದೆ. ಅತಿಥಿಯ ತಟ್ಟೆಯ ಪಕ್ಕದಲ್ಲಿ ಮೊದಲೇ ಜೋಡಿಸಿಟ್ಟಿರುವ ಪುಟ್ಟ ಪೊಟ್ಟಣ, ಅಂದರೆ ಇಂಗ್ಲಿಷರ ‘ವೆಡ್ಡಿಂಗ್ ಫೇವರ್’ ಅದು. ಇವೆರಡರ ನಡುವೆ ಅಂಗಡಿಗಳು ‘ರಿಟರ್ನ್ ಗಿಫ್ಟ್’ ಎಂದು ಮಾರುವ ಸಾಮಾನುಗಳ ದೊಡ್ಡ ಸಂತೆಯೇ ಇದೆ. ಹೀಗಾಗಿ ಮದುವೆಯ ತಯಾರಿಯಲ್ಲಿರುವವರು ಮೊದಲು ಕೇಳುವ ಪ್ರಶ್ನೆ ‘ಏನು ಕೊಡೋಣ’ ಎಂಬುದು. ಅದಕ್ಕಿಂತ ಮುಂಚೆ ‘ಹೇಗೆ, ಯಾವಾಗ, ಯಾರ ಕೈಯಿಂದ ಕೊಡೋಣ’ ಎಂದು ಕೇಳಿಕೊಂಡರೆ ಆಯ್ಕೆಯ ಬಹುಪಾಲು ತಾನಾಗಿಯೇ ತೀರ್ಮಾನವಾಗುತ್ತದೆ ಎಂಬುದು ಈ ಲೇಖನದ ವಾದ. ತಾಂಬೂಲದ ಚರಿತ್ರೆ, ಲಂಡನ್ನಿನ ಕಾನೂನು, ಅಲ್ಲಿನ ಸಭಾಂಗಣಗಳ ಲೆಕ್ಕಾಚಾರ ಮೂರೂ ಇದನ್ನೇ ಹೇಳುತ್ತವೆ.

ಬ್ರಿಟನ್ನಿಗೆ ಕನ್ನಡಿಗರು ಗಮನಾರ್ಹ ಸಂಖ್ಯೆಯಲ್ಲಿ ಬಂದದ್ದು ಎರಡು ಅಲೆಗಳಲ್ಲಿ. ಮೊದಲು ರಾಷ್ಟ್ರೀಯ ಆರೋಗ್ಯ ಸೇವೆಗೆ ಸೇರಿದ ವೈದ್ಯರು, ಆಮೇಲೆ ಸಾಫ್ಟ್‌ವೇರ್ ಉದ್ಯೋಗಿಗಳು. ಕನ್ನಡ ಬಳಗ ಯು.ಕೆ. ಹುಟ್ಟಿದ್ದು 1983ರಲ್ಲಿ. ಪಶ್ಚಿಮ ಕೆನ್ಸಿಂಗ್ಟನ್ನಿನ ಕ್ಯಾಸಲ್‌ಟೌನ್ ರಸ್ತೆಯಲ್ಲಿರುವ ಭಾರತೀಯ ವಿದ್ಯಾಭವನವನ್ನು ಹಲವು ದಶಕ ನಡೆಸಿದವರು ಶಿವಮೊಗ್ಗದ ಮತ್ತೂರಿನ ಮೂಲದ ನಂದಕುಮಾರ. ಲ್ಯಾಂಬೆತ್‌ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಥೇಮ್ಸ್ ನದಿಯ ದಡದ ಬಸವೇಶ್ವರ ಪ್ರತಿಮೆ ಅನಾವರಣಗೊಂಡದ್ದು 2015ರ ನವೆಂಬರ್ 14ರಂದು. ಇಷ್ಟಿದ್ದರೂ ಗುಜರಾತಿಗಳಿಗೆ ವೆಂಬ್ಲಿಯ ಈಲಿಂಗ್ ರೋಡ್, ಪಂಜಾಬಿಗಳಿಗೆ ಸೌತಾಲ್, ತಮಿಳರಿಗೆ ಈಸ್ಟ್ ಹ್ಯಾಮ್ ಮತ್ತು ಟೂಟಿಂಗ್ ಇರುವ ಹಾಗೆ ಕನ್ನಡಿಗರದ್ದೆಂದು ಹೇಳಿಕೊಳ್ಳುವ ಪೇಟೆಬೀದಿ ಲಂಡನ್ನಿನಲ್ಲಿ ಬೆಳೆಯಲಿಲ್ಲ. ಕನ್ನಡದ ಮನೆಗಳು ಹ್ಯಾರೋದಿಂದ ಕ್ರಾಯ್ಡನ್‌ವರೆಗೆ, ಹೌನ್ಸ್‌ಲೋದಿಂದ ಇಲ್‌ಫರ್ಡ್‌ವರೆಗೆ ಚದುರಿಕೊಂಡಿವೆ. ತಾಂಬೂಲದ ವಿಷಯದಲ್ಲಿ ಇದರಿಂದ ಎರಡು ಪರಿಣಾಮಗಳಾಗಿವೆ. ತೆಂಗಿನಕಾಯಿ, ವೀಳ್ಯದೆಲೆ, ಅರಿಶಿನದ ಕೊಂಬು ಇವುಗಳಿಗೆ ಕನ್ನಡಿಗರು ತಮಿಳರ ಅಂಗಡಿಯನ್ನೂ ಸಿಹಿ ಡಬ್ಬಿಗೆ ಗುಜರಾತಿ, ಪಂಜಾಬಿ ಮಿಠಾಯಿಯವರನ್ನೂ ಆಶ್ರಯಿಸುತ್ತಾರೆ. ಎರಡನೆಯದಾಗಿ, ಮದುವೆಗೆ ಬಂದವರಲ್ಲಿ ಹೆಚ್ಚಿನವರು ದೂರದಿಂದ, ಅನೇಕರು ರೈಲಿನಲ್ಲಿ, ಬಂದಿರುತ್ತಾರೆ. ಕೊಟ್ಟದ್ದನ್ನು ಹೊತ್ತುಕೊಂಡು ನಗರದ ಇನ್ನೊಂದು ತುದಿಗೆ ಹೋಗಬೇಕಾದವರು ಅವರು.

ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ತಾಂಬೂಲವನ್ನು ಒಂದು ವಸ್ತುವೆಂದು ಭಾವಿಸಿದ್ದೇ ಇಂದಿನ ಗೊಂದಲದ ಮೂಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ಉಪಭೋಗಗಳಲ್ಲಿ ಒಂದಾಗಿ ತಾಂಬೂಲದ ವಿವರವಿದೆ. ಅಲ್ಲಿ ಎಲೆ ಅಡಿಕೆಗಳ ಜೊತೆಗೆ ಸುಗಂಧ ದ್ರವ್ಯಗಳೂ ಸೇರಿದ್ದವು. ಇಂದಿನ ಮದುವೆಯ ಚೀಲದಲ್ಲಿ ಅವನ್ನು ಯಾರೂ ಹುಡುಕುವುದಿಲ್ಲ. ಹೆರಾತಿನ ಶಾರುಖ್ ದೊರೆಯ ರಾಯಭಾರಿಯಾಗಿ 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಝಾಕ್, ಇಮ್ಮಡಿ ದೇವರಾಯನ ದರ್ಬಾರಿನಲ್ಲಿ ತನಗೆ ವೀಳ್ಯದ ಕಟ್ಟುಗಳನ್ನು, ಹಣದ ಚೀಲವನ್ನು, ಕರ್ಪೂರವನ್ನು ಕೊಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಭಾರತದ ಅರಮನೆಗಳಲ್ಲಿ ವೀಳ್ಯ ಕೈಗೆ ಬಂತೆಂದರೆ ಭೇಟಿ ಮುಗಿಯಿತು, ಹೊರಡಲು ಅಪ್ಪಣೆಯಾಯಿತು ಎಂದು ತಿಳಿಯುವುದು ವಾಡಿಕೆಯಾಗಿತ್ತು. ಮನೆಯ ಮದುವೆಯಲ್ಲೂ ಕ್ರಮ ಹೀಗೆಯೇ. ನಿಶ್ಚಿತಾರ್ಥದಲ್ಲಿ ಎರಡು ಕಡೆಯವರು ತಾಂಬೂಲ ಬದಲಾಯಿಸಿಕೊಂಡರೆ ಮಾತು ಗಟ್ಟಿ. ಹತ್ತಿರದವರನ್ನು ಎಲೆ ಅಡಿಕೆ ಕೊಟ್ಟು ಕರೆದರೆ ಕರೆ ಗಟ್ಟಿ. ಬಂದವರಿಗೆ ತಾಂಬೂಲ ಕೊಟ್ಟು ಕಳುಹಿಸಿದರೆ ಕರೆದದ್ದು ಪೂರ್ತಿಯಾಯಿತು. ಕರೆಯುವಾಗ ತೆರೆದದ್ದನ್ನು ಕಳುಹಿಸುವಾಗ ಮುಚ್ಚುವ ಕ್ರಿಯೆ ಇದು. ಶತಮಾನಗಳಲ್ಲಿ ಒಳಗಿನ ಪದಾರ್ಥಗಳು ಬದಲಾಗುತ್ತ ಬಂದರೂ ಹೊರಡುವ ಗಳಿಗೆಯಲ್ಲಿ ಕೈಯಿಂದ ಕೈಗೆ ಎಂಬ ಅಂಶ ಬದಲಾಗಲಿಲ್ಲ. ಆದ್ದರಿಂದ ತಾಂಬೂಲದ ಮುಂದುವರಿಕೆಯನ್ನು ಚೀಲದ ಒಳಗೆ ಹುಡುಕುವುದಕ್ಕಿಂತ ಕೊಡುವ ರೀತಿಯಲ್ಲಿ ಹುಡುಕುವುದು ಚರಿತ್ರೆಗೆ ಹೆಚ್ಚು ಹೊಂದುತ್ತದೆ.

ಇದಕ್ಕೆ ಇನ್ನೊಂದು ಸಾಕ್ಷಿ ಮುಯ್ಯಿ, ಅಂದರೆ ಮದುವೆಗೆ ಬಂದವರು ಕೊಡುವ ಕಾಣಿಕೆ. ಕರ್ನಾಟಕದ ಹಳ್ಳಿಯ ಮದುವೆಗಳಲ್ಲಿ ಒಬ್ಬರು ಪುಸ್ತಕ ಹಿಡಿದು ಕುಳಿತು, ಯಾರು ಎಷ್ಟು ಮುಯ್ಯಿ ಮಾಡಿದರೆಂದು ಹೆಸರಿನ ಎದುರು ಬರೆದುಕೊಳ್ಳುತ್ತಾರೆ. ಆ ಪುಸ್ತಕವನ್ನು ಮುಂದೆ ಅವರ ಮನೆಯ ಮದುವೆ ಬಂದಾಗ ತೆರೆದು ನೋಡಲಾಗುತ್ತದೆ. ಮುಯ್ಯಿಗೆ ಮುಯ್ಯಿ ತೀರಿಸಲೇಬೇಕು. ತಾಂಬೂಲಕ್ಕೆ ಮಾತ್ರ ಇಂಥ ಪುಸ್ತಕವಿಲ್ಲ. ಮುಯ್ಯಿ ಮಾಡದೆ ಹೋದವನಿಗೂ ತೆಂಗಿನಕಾಯಿ ಸಿಗುತ್ತದೆ, ಚಿನ್ನದ ಉಂಗುರ ತಂದವನಿಗೂ ಅದೇ ತೆಂಗಿನಕಾಯಿ. ಲಂಡನ್ನಿನಲ್ಲಿ ಮುಯ್ಯಿ ಲಕೋಟೆಯಾಗಿದೆ. ಆಮಂತ್ರಣ ಪತ್ರಿಕೆಯಲ್ಲೇ ‘ನೋ ಬಾಕ್ಸ್ಡ್ ಗಿಫ್ಟ್ಸ್’ ಎಂದು ಅಚ್ಚು ಹಾಕಿಸುವುದರಿಂದ 51 ಅಥವಾ 101 ಪೌಂಡು ಇಟ್ಟ ಲಕೋಟೆಗಳು ಮೇಜಿನ ಮೇಲಿನ ಪೆಟ್ಟಿಗೆಗೆ ಬೀಳುತ್ತವೆ. ಇಂಥ ಕಡೆ ತಾಂಬೂಲ ದುಬಾರಿಯಾದಷ್ಟೂ ಅದು ಲಕೋಟೆಗೆ ಕೊಟ್ಟ ರಸೀದಿಯ ಹಾಗೆ ಕಾಣಲು ಶುರುವಾಗುತ್ತದೆ. ಅತಿಥಿ ತಾನು ಹಾಕಿದ್ದಕ್ಕೂ ಪಡೆದದ್ದಕ್ಕೂ ಮನಸ್ಸಿನಲ್ಲೇ ತಾಳೆ ಹಾಕುತ್ತಾನೆ, ಹಾಕಬಾರದೆಂದು ಗೊತ್ತಿದ್ದರೂ. ಬೆಳ್ಳಿಯ ದೀಪ, ಹಿತ್ತಾಳೆಯ ತಟ್ಟೆ, ಪರಿಮಳದ ಮೇಣದಬತ್ತಿಯ ದೊಡ್ಡ ಡಬ್ಬಿ ಇವು ಕೊಡುವವರ ಕೈ ಬಿಗಿಯಲ್ಲವೆಂದು ತೋರಿಸಬಹುದು. ಆದರೆ ಲೆಕ್ಕದ ಹೊರಗಿದ್ದ ಒಂದೇ ಒಂದು ಕೊಡುಗೆಯನ್ನು ಲೆಕ್ಕದ ಒಳಗೆ ಎಳೆದು ತರುತ್ತವೆ. ಬೆಲೆ ಕಡಿಮೆಯಾಗಿರುವುದು ತಾಂಬೂಲದ ಕೊರತೆಯಲ್ಲ. ಅದು ಎಲ್ಲರಿಗೂ ಒಂದೇ ಆಗಿರಲು ಸಾಧ್ಯವಾದದ್ದು ಆ ಕಡಿಮೆ ಬೆಲೆಯಿಂದಲೇ.

ಇಂಗ್ಲಿಷರ ಪದ್ಧತಿಯೂ ಹುಟ್ಟಿದಾಗಲೇ ತಟ್ಟೆಯ ಪಕ್ಕದ ಪೊಟ್ಟಣವಾಗಿರಲಿಲ್ಲ. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಮದುವೆಗೆ ಬಂದವರಿಗೆ ಕೈಗವಸು ಕೊಡುತ್ತಿದ್ದರು. ರಿಬ್ಬನ್ನಿನ ಗಂಟುಗಳನ್ನು ಹಂಚಿ ಅವನ್ನು ಅತಿಥಿಗಳು ಉಡುಪಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಮುಂದೆ ಬಂದದ್ದು ಮದುವೆಯ ಕೇಕಿನ ತುಂಡು. ಒಣಹಣ್ಣು ತುಂಬಿದ ಆ ಕೇಕು ಬಹುಕಾಲ ಕೆಡುವುದಿಲ್ಲವಾದ್ದರಿಂದ ಪುಟ್ಟ ಪೆಟ್ಟಿಗೆಯಲ್ಲಿಟ್ಟು, ಬಾರಲಾಗದವರಿಗೆ ಅಂಚೆಯಲ್ಲೂ ಕಳುಹಿಸುತ್ತಿದ್ದರು. ವಿಕ್ಟೋರಿಯಾ ರಾಣಿಯ 1840ರ ಮದುವೆಯ ಕೇಕಿನ ತುಣುಕು ಇವತ್ತಿಗೂ ಉಳಿದಿದೆ, ತಿನ್ನುವ ಧೈರ್ಯ ಯಾರಿಗೂ ಇರಲಾರದು ಎಂಬುದು ಬೇರೆ ಮಾತು. ಔತಣದ ಒಂದು ಪಾಲನ್ನು ಮನೆಗೆ ಕಟ್ಟಿಕೊಡುವ ಈ ಕೇಕು, ನಮ್ಮ ಕಡೆ ಚೀಲದಲ್ಲಿ ಹಾಕುವ ಲಾಡು ಅಥವಾ ಚಿರೋಟಿಗೆ ತೀರ ಹತ್ತಿರ. ಇಟಲಿಯ ಸುಲ್ಮೋನಾ ಪಟ್ಟಣಕ್ಕೆ ಹೆಸರು ತಂದ ಸಕ್ಕರೆ ಲೇಪದ ಬಾದಾಮಿಯನ್ನು ಆರೋಗ್ಯ, ಐಶ್ವರ್ಯ, ಸುಖ, ಸಂತಾನ, ದೀರ್ಘಾಯುಷ್ಯಗಳ ಗುರುತಾಗಿ ಐದೈದರಂತೆ ಕಟ್ಟಿ ಕೊಡುವ ಪದ್ಧತಿ ಬ್ರಿಟನ್ನಿಗೂ ಹಬ್ಬಿತು. ಅದು ಮೇಜಿನ ಅಲಂಕಾರದ ಭಾಗವಾಯಿತು. ಮಲಯ್ ಜನರ ಮದುವೆಯಲ್ಲಿ ಬೇಯಿಸಿದ ಮೊಟ್ಟೆಯನ್ನು ಕಾಗದದ ಹೂವಿನೊಡನೆ ಅತಿಥಿಗಳಿಗೆ ಕೊಡುತ್ತಾರೆ. ಜಪಾನಿನಲ್ಲಿ ಅತಿಥಿಗಳು ದೊಡ್ಡ ಉಡುಗೊರೆ ಚೀಲವನ್ನೇ ಹೊತ್ತುಕೊಂಡು ಹೋಗುತ್ತಾರೆ. ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಅತಿಥಿಯನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬ ಭಾವನೆ ಕನ್ನಡಿಗರದ್ದು ಮಾತ್ರವಲ್ಲವೆಂದು ಗೊತ್ತಾಗುತ್ತದೆ. ಕುರ್ಚಿಯ ಎದುರು ಇಡುವ ಫೇವರ್ ಇವುಗಳ ಸಾಲಿನಲ್ಲಿ ಸಪ್ಪೆಯಾಗಿ ಕಾಣುವುದು, ಕೊಡುವವರೇ ಅಲ್ಲಿ ಇಲ್ಲದಿರುವುದರಿಂದ. ಮದುಮಕ್ಕಳು ಮಂಟಪಕ್ಕೆ ಬರುವ ಮೊದಲೇ ಯಾರೋ ಕೆಲಸದವರು ಅದನ್ನು ಇಟ್ಟು ಹೋಗಿರುತ್ತಾರೆ.

ಹೀಗಾಗಿ ಲಂಡನ್ನಿನ ಸಭಾಂಗಣದಲ್ಲಿ ಮೊದಲು ಬದಲಾಯಿಸಬೇಕಾದದ್ದು ಎಣಿಕೆಯ ಕ್ರಮ. ಅಲ್ಲಿ ಸಭಾಂಗಣದವರೂ ಅಡುಗೆಯ ಗುತ್ತಿಗೆದಾರರೂ ತಲೆ ಲೆಕ್ಕದಲ್ಲಿ ಹಣ ಕೇಳುತ್ತಾರೆ. ಒಂದು ದುಂಡು ಮೇಜಿಗೆ ಹತ್ತು ಕುರ್ಚಿ, ಮೂವತ್ತು ಮೇಜಿಗೆ ಮುನ್ನೂರು. ಫೇವರ್ ಕೂಡ ಅದೇ ಲೆಕ್ಕದಲ್ಲಿ ಮುನ್ನೂರಾಗುತ್ತದೆ, ಮೂರು ವರ್ಷದ ಮಗುವಿಗೂ ಒಂದು. ತಾಂಬೂಲವನ್ನು ಮನೆಯ ಲೆಕ್ಕದಲ್ಲಿ ಎಣಿಸಬಹುದು. ಅದೇ ಮುನ್ನೂರು ಜನ ನೂರು ಮನೆಯವರಾಗಿದ್ದರೆ ನೂರು ಚೀಲ ಸಾಕು. ತೆಂಗಿನಕಾಯಿ ಒಂದಕ್ಕೆ ಅರ್ಧ ಕಿಲೋ ಎಂದಿಟ್ಟುಕೊಂಡರೂ ತಲೆಗೊಂದು ಕೊಟ್ಟರೆ 150 ಕಿಲೋ ಸಾಗಿಸಬೇಕು, ಮನೆಗೊಂದಾದರೆ 50 ಕಿಲೋ. ಇದು ಬರೀ ಖರ್ಚಿನ ಮಾತಲ್ಲ. ಗಂಡ, ಹೆಂಡತಿ, ಎರಡು ಮಕ್ಕಳು ನಾಲ್ಕು ತೆಂಗಿನಕಾಯಿ ಹೊತ್ತುಕೊಂಡು ಟ್ಯೂಬ್ ರೈಲಿನಲ್ಲಿ ಎರಡು ಕಡೆ ಬದಲಾಯಿಸಿ ಹೋಗುವ ಅವಸ್ಥೆಯನ್ನು ನೆನೆಸಿಕೊಂಡರೆ, ಮೇಜಿನ ಮೇಲೆ ಪೊಟ್ಟಣಗಳು ಯಾಕೆ ಉಳಿಯುತ್ತವೆಂದು ತಿಳಿಯುತ್ತದೆ. ಮನೆಯ ಲೆಕ್ಕಕ್ಕೆ ಒಂದು ಆಕ್ಷೇಪ ಸಹಜವಾಗಿ ಬರುತ್ತದೆ: ಒಂಟಿಯಾಗಿ ಬಂದ ಸಹೋದ್ಯೋಗಿ, ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿ ಇವರನ್ನು ಯಾವ ಮನೆಗೆ ಸೇರಿಸುವುದು? ಒಬ್ಬನೇ ಬಂದವನದ್ದೂ ಒಂದು ಮನೆಯೇ ಎಂದುಕೊಂಡರೆ ಮುಗಿಯಿತು. ಬಾಗಿಲಲ್ಲಿ ನಿಂತು ಕೊಡುವ ಹಿರಿಯರು ಇದನ್ನು ನೋಡಿದ ಕೂಡಲೇ ತಿಳಿಯುತ್ತಾರೆ. ಮೇಜಿನ ಯಾದಿ ಮಾಡುವ ತಂತ್ರಾಂಶಕ್ಕೆ ಅದು ತಿಳಿಯುವುದಿಲ್ಲ.

ಇನ್ನು ಚೀಲದ ಒಳಗಿನದು. ಇಲ್ಲಿ ಬ್ರಿಟನ್ನಿನ ಗಡಿ ನಿಯಮಗಳು ನಾವು ಬಯಸಲಿ ಬಿಡಲಿ ಅರ್ಧ ತೀರ್ಮಾನ ಮಾಡಿಬಿಟ್ಟಿವೆ, ಅದೂ ವಿಚಿತ್ರವಾದ ರೀತಿಯಲ್ಲಿ. ತೆಂಗಿನಕಾಯಿ ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ತರಬಹುದಾದ ಕೆಲವೇ ಹಣ್ಣುಗಳ ಪಟ್ಟಿಯಲ್ಲಿದೆ. ವೀಳ್ಯದೆಲೆಗೆ ಆ ಸೌಲಭ್ಯವಿಲ್ಲ. ಬ್ರಿಟನ್ ಇನ್ನೂ ಯುರೋಪಿಯನ್ ಒಕ್ಕೂಟದಲ್ಲಿದ್ದ 2014ರಲ್ಲಿ, ಸಾಲ್ಮೊನೆಲ್ಲಾ ಸೋಂಕು ಪದೇ ಪದೇ ಕಂಡುಬಂದ ಕಾರಣ ಬಾಂಗ್ಲಾದೇಶದ ವೀಳ್ಯದೆಲೆಯ ಆಮದನ್ನೇ ಒಕ್ಕೂಟ ನಿಲ್ಲಿಸಿತು. ಭಾರತದ ಎಲೆಯೂ ಹೆಚ್ಚುವರಿ ತಪಾಸಣೆಗೆ ಒಳಪಟ್ಟಿತು. ಮೈಸೂರು ವೀಳ್ಯದೆಲೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆಯೆಂದು ಸೂಟ್‌ಕೇಸಿನಲ್ಲಿ ಒಂದು ಕಟ್ಟು ತುಂಬಿಕೊಂಡು ಹೀಥ್ರೋದಲ್ಲಿ ಇಳಿಯುವುದು ಜಾಣತನವಲ್ಲ. ಮಡಿಲಕ್ಕಿಯ ಜೊತೆ ಇಡುವ ಕೊಬ್ಬರಿ ಗಿಟುಕಿನ ಕಥೆ ಇನ್ನೂ ಬೇರೆ. ಎಣ್ಣೆಯಂಶ ಹೆಚ್ಚಿರುವ ಒಣಕೊಬ್ಬರಿ ತಾನಾಗಿಯೇ ಕಾವು ಏರಿ ಹೊತ್ತಿಕೊಳ್ಳಬಹುದಾದ ಪದಾರ್ಥವೆಂದು ವಿಮಾನ ಸಾರಿಗೆಯ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿರುವುದರಿಂದ ಅದನ್ನು ಸಾಮಾನಿನಲ್ಲಿ ಇಡಲು ಬಿಡುವುದಿಲ್ಲ. ಭಾರತದಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ತರುವಂತಿಲ್ಲವಾದ್ದರಿಂದ ಧಾರವಾಡ ಪೇಡೆಯ ಆಸೆಯನ್ನೂ ಬಿಡಬೇಕು. ಬೇರೆ ಸಾಮಾನುಗಳಿಗೆ ಸುಂಕವಿಲ್ಲದೆ ತರಲು ಒಬ್ಬ ಪ್ರಯಾಣಿಕನಿಗಿರುವ ಮಿತಿ 390 ಪೌಂಡು. ಅಂಚೆಯಲ್ಲಿ ಬರುವ ಉಡುಗೊರೆಗೆ ತೆರಿಗೆ ವಿನಾಯಿತಿ 39 ಪೌಂಡಿನವರೆಗೆ ಮಾತ್ರ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಅಗ್ಗವಾಗಿ ಕೊಂಡು ಪಾರ್ಸೆಲ್ ಹಾಕಿಸಿದ ಮುನ್ನೂರು ಹಿತ್ತಾಳೆ ದೀಪಗಳು ಲಂಡನ್ ತಲುಪುವ ಹೊತ್ತಿಗೆ ಅಗ್ಗವಾಗಿ ಉಳಿದಿರುವುದಿಲ್ಲ.

ಎಲೆ ಅಡಿಕೆಯ ಬಗ್ಗೆ ಬರುವ ಗಂಭೀರ ಆಕ್ಷೇಪ ಗಡಿಯದಲ್ಲ, ಆರೋಗ್ಯದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು 2003ರಲ್ಲಿ, ಹೊಗೆಸೊಪ್ಪಿಲ್ಲದ ಎಲೆ ಅಡಿಕೆಯನ್ನೂ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲನೆಯ ಗುಂಪಿನ ಪದಾರ್ಥಗಳಲ್ಲಿ ಸೇರಿಸಿದರು. ದಕ್ಷಿಣ ಏಷ್ಯಾ ಮೂಲದವರಲ್ಲಿ ಜಗಿಯುವ ತಂಬಾಕನ್ನು ಬಿಡಿಸುವ ಬಗ್ಗೆ ಆರೋಗ್ಯ ಮಾರ್ಗಸೂಚಿಗಳನ್ನು ರೂಪಿಸುವ ಇಂಗ್ಲೆಂಡಿನ ‘ನೈಸ್’ ಸಂಸ್ಥೆ 2012ರಲ್ಲಿ ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರಡಿಸಿತು. ಲಂಡನ್ನಿನ ಬ್ರೆಂಟ್ ಪ್ರದೇಶದ ಬೀದಿಗಳಲ್ಲಿ ಪಾನ್ ಉಗುಳಿದ ಕಲೆ ತೊಳೆಯುವುದು ಅಲ್ಲಿನ ಕೌನ್ಸಿಲಿಗೆ ಬಹುಕಾಲದ ತಲೆನೋವು. ಅಡಿಕೆಯನ್ನು ದೇಶದಲ್ಲೇ ಅತಿ ಹೆಚ್ಚು ಬೆಳೆಯುವ ರಾಜ್ಯದಿಂದ ಬಂದವರಿಗೆ ಈ ಮಾತು ಕಹಿ. ಮಲೆನಾಡಿನ ತೋಟಗಳ ಬದುಕು ಅಡಿಕೆಯ ಮೇಲೆ ನಿಂತಿದೆ, ಮದುವೆಯಲ್ಲಿ ಕೊಡುವ ಒಂದು ಬಟ್ಟಲಡಿಕೆಯಿಂದ ಯಾರಿಗೂ ರೋಗ ಬರುವುದಿಲ್ಲ ಎಂಬ ಉತ್ತರವೂ ಇದೆ, ಮತ್ತು ಅದರಲ್ಲಿ ಅಷ್ಟಿಷ್ಟು ಸತ್ಯವೂ ಇದೆ. ಅಪಾಯವಿರುವುದು ನಿತ್ಯ ಜಗಿಯುವುದರಲ್ಲಿ. ಆದರೂ ಜಗಿಯುವ ಅಭ್ಯಾಸವೇ ಇಲ್ಲದವರ ಮನೆಗೆ, ಚಿಕ್ಕ ಮಕ್ಕಳ ಕೈಗೆ, ಆಸ್ಪತ್ರೆಯಲ್ಲಿ ದುಡಿಯುವ ಅತಿಥಿಗಳಿಗೆ ಅದನ್ನು ಹಂಚಲು ಸಮರ್ಥನೆ ಹುಡುಕುವುದು ಕಷ್ಟ. ನಿಶ್ಚಿತಾರ್ಥದ ತಟ್ಟೆಯಲ್ಲಿ, ಧಾರೆಯಲ್ಲಿ, ಬೀಗರ ನಡುವಿನ ಶಾಸ್ತ್ರದಲ್ಲಿ ಎಲೆ ಅಡಿಕೆ ಇರಲಿ. ಅಲ್ಲಿ ಅದು ತಿನ್ನುವುದಕ್ಕಲ್ಲ, ಮಾತು ಕೊಡುವುದಕ್ಕೆ. ಅತಿಥಿಯ ಚೀಲದಿಂದ ಅಡಿಕೆಯನ್ನು ತೆಗೆಯಬಹುದು, ತೆಗೆಯಬೇಕು. ಹಾಗೆ ತೆಗೆದರೆ ಅದು ತಾಂಬೂಲವೇ ಅಲ್ಲ ಎನ್ನುವವರು ಸೋಮೇಶ್ವರನ ಕಾಲದ ಸುಗಂಧ ದ್ರವ್ಯಗಳು ಯಾವಾಗ ಬಿಟ್ಟುಹೋದವೆಂದು ಯೋಚಿಸಲಿ.

ತೆಂಗಿನಕಾಯಿ ಉಳಿಯುತ್ತದೆ. ಅದರ ಮೇಲೂ ಆಕ್ಷೇಪವಿದೆ. ಕನ್ನಡೇತರ ಅತಿಥಿ, ಅದರಲ್ಲೂ ಇಂಗ್ಲಿಷ್ ಸಹೋದ್ಯೋಗಿ, ಅದನ್ನು ಏನು ಮಾಡಬೇಕು? ಒಡೆಯಲು ಕತ್ತಿಯಿಲ್ಲ, ತುರಿಯಲು ತುರಿಮಣೆಯಿಲ್ಲ. ಆಕ್ಷೇಪ ನ್ಯಾಯವಾದದ್ದೇ, ಆದರೆ ಅದನ್ನು ಬಗೆಹರಿಸಲು ತೆಂಗಿನಕಾಯಿಯನ್ನು ಬಿಡಬೇಕಾಗಿಲ್ಲ. ಒಡೆಯುವ ಬಗೆಯನ್ನೂ ಒಂದು ಚಟ್ನಿಯ ವಿಧಾನವನ್ನೂ ಬರೆದ ಚೀಟಿ ಇಟ್ಟರೆ ಸಾಕು; ಅದೂ ಬೇಡವೆನ್ನುವವರಿಗೆ ಕೊಬ್ಬರಿ ಮಿಠಾಯಿ ಇದೆ. ಸಿಹಿಯ ವಿಷಯಕ್ಕೆ ಬಂದಾಗ ಮಾತ್ರ ಎಚ್ಚರ ಬೇಕು. ಎಳ್ಳು ಬೆರೆತ ಬ್ರೆಡ್ ತಿಂದು 2016ರಲ್ಲಿ ತೀರಿಕೊಂಡ ಹದಿಹರೆಯದ ಹುಡುಗಿಯ ಹೆಸರಿನಿಂದ ‘ನತಾಶಾ ಕಾನೂನು’ ಎಂದೇ ಕರೆಯುವ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ತಯಾರಿಸಿದ ಜಾಗದಲ್ಲೇ ಪೊಟ್ಟಣ ಕಟ್ಟಿ ಮಾರುವ ತಿನಿಸಿನ ಮೇಲೆ ಪದಾರ್ಥಗಳ ಪೂರ್ತಿ ಪಟ್ಟಿ ಇರಬೇಕು, 14 ಅಲರ್ಜಿಕಾರಕಗಳು ಅದರಲ್ಲಿ ಎದ್ದು ಕಾಣಬೇಕು. ಆ ಹದಿನಾಲ್ಕರಲ್ಲಿ ಹಾಲು, ಗೋಧಿ, ಎಳ್ಳು, ಸಾಸಿವೆ, ಕಡಲೆಕಾಯಿ, ಗೋಡಂಬಿ ಬಾದಾಮಿಗಳಿವೆ. ಅಂದರೆ ನಮ್ಮ ಮದುವೆಯ ಸಿಹಿಗಳು ಹೆಚ್ಚುಕಡಿಮೆ ಎಲ್ಲವೂ. ತೆಂಗು ಮಾತ್ರ ಆ ಪಟ್ಟಿಯಲ್ಲಿಲ್ಲ. ಮನೆಯಲ್ಲಿ ಅತ್ತೆ ಸೊಸೆಯರು ಕೂತು ಮಾಡಿ ಹಂಚುವ ಉಂಡೆಗೆ ಈ ಕಾನೂನು ಅನ್ವಯಿಸದಿರಬಹುದು, ಆದರೆ ಅಲರ್ಜಿಗೆ ಕಾನೂನಿನ ವ್ಯಾಪ್ತಿ ಗೊತ್ತಿರುವುದಿಲ್ಲ. ಎಳ್ಳುಂಡೆಯ ಚೀಲದ ಮೇಲೆ ಎಳ್ಳು ಎಂದು ಬರೆಯುವುದು ಇಂಗ್ಲಿಷರ ಅತಿಶಿಸ್ತು ಎಂದು ನಗುವವರಿದ್ದಾರೆ, ಆದರೂ ಬರೆಯುವುದೇ ಸರಿ.

ಕರಕುಶಲ ವಸ್ತುಗಳ ಪರವಾಗಿ ಒಂದು ಒಳ್ಳೆಯ ವಾದವಿದೆ. ತೆಂಗಿನಕಾಯಿ ವಾರದಲ್ಲಿ ಮುಗಿದುಹೋಗುತ್ತದೆ. ಚನ್ನಪಟ್ಟಣದ ಅರಗಿನ ಬಣ್ಣದ ಕುಂಕುಮದ ಭರಣಿ ಮನೆಯಲ್ಲಿ ಉಳಿದು ಊರನ್ನು ನೆನಪಿಸುತ್ತದೆ, ಅಲ್ಲಿನ ಕುಶಲಕರ್ಮಿಗೆ ನಾಲ್ಕು ಕಾಸೂ ಸಿಗುತ್ತದೆ. 1918ರಿಂದ ತಯಾರಾಗುತ್ತಿರುವ ಮೈಸೂರು ಸ್ಯಾಂಡಲ್ ಸಾಬೂನು, ಮೈಸೂರಿನ ಊದಿನಕಡ್ಡಿ, ಗುಳೇದಗುಡ್ಡದ ಕಣದ ಬಟ್ಟೆಯಿಂದ ಹೊಲಿದ ಚಿಕ್ಕ ಚೀಲ ಇವೂ ಇದೇ ಸಾಲಿನವು. ವಾದವನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಸಾಬೂನು, ಊದಿನಕಡ್ಡಿಗಳಂತೂ ತೆಂಗಿನಕಾಯಿಯ ಹಾಗೆಯೇ ಬಳಸಿ ಮುಗಿಸುವಂಥವು, ಹಗುರ, ಗಡಿಯಲ್ಲಿ ತೊಂದರೆ ಕಡಿಮೆ. ಮನೆಯಲ್ಲಿ ಉಳಿಯುವ ವಸ್ತುಗಳ ಕುರಿತು ಮಾತ್ರ ಅನುಮಾನ. ದಕ್ಷಿಣ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಬೀದರಿನ ಬಿದರಿ ಕೆಲಸದ ಪಾನ್‌ದಾನ್‌ಗಳಿವೆ, ನೋಡಲು ಕಣ್ಣು ಸಾಲದು. ಆದರೆ ಅವು ಎಲೆ ಅಡಿಕೆ ಇಡುವ ಡಬ್ಬಿಗಳು, ಕೊಡುಗೆ ಒಳಗಿನದೇ ಆಗಿತ್ತು. ವರ್ಷಕ್ಕೆ ಹತ್ತು ಮದುವೆಗೆ ಹೋಗುವ ಲಂಡನ್ನಿನ ಮನೆಯೊಂದಕ್ಕೆ ಹತ್ತು ದೀಪ, ಹತ್ತು ಗಣಪತಿ ವಿಗ್ರಹ ಬಂದು ಸೇರಿದರೆ ಅವು ಹೋಗುವ ಜಾಗ ಬೀರುವಿನ ಮೇಲುಗಡೆ, ಅಲ್ಲಿಂದ ದಾನದ ಅಂಗಡಿ. ದೇವರ ವಿಗ್ರಹವನ್ನು ಬಿಸಾಡಲೂ ಆಗದೆ ಇಟ್ಟುಕೊಳ್ಳಲೂ ಆಗದೆ ಒದ್ದಾಡುವವರ ಪಾಡು ಕೊಡುವವರಿಗೆ ಹೊಳೆಯುವುದಿಲ್ಲ. ಮುಗಿದುಹೋಗುವುದೇ ತಾಂಬೂಲದ ಗುಣ, ಆ ಕಾರಣಕ್ಕೇ ಮುಂದಿನ ಮದುವೆಯ ತಾಂಬೂಲಕ್ಕೆ ಮನೆಯಲ್ಲಿ ಜಾಗವಿರುತ್ತದೆ. ಈ ನಿಯಮಕ್ಕೆ ಗೌರವದಿಂದ ಒಪ್ಪಬಹುದಾದ ಅಪವಾದ ಪುಸ್ತಕ. ಕರ್ನಾಟಕದಲ್ಲಿ ತಾಂಬೂಲವಾಗಿ ಪುಸ್ತಕ ಕೊಡುವ ಮದುವೆಗಳು ಈಗ ಅಪರೂಪವಲ್ಲ. ಬ್ರಿಟನ್ನಿನಲ್ಲಿ ಪುಸ್ತಕಕ್ಕೆ ಮೌಲ್ಯವರ್ಧಿತ ತೆರಿಗೆಯ ದರ ಸೊನ್ನೆ. ಕನ್ನಡ ಓದಲು ಕಲಿಯುತ್ತಿರುವ ಮಕ್ಕಳಿರುವ ಮನೆಗೆ ತೆಳುವಾದ ಮಕ್ಕಳ ಪುಸ್ತಕ ಒಪ್ಪುತ್ತದೆ; ಆದರೆ ಓದಲು ಬಾರದವರಿಗೂ ಅದನ್ನೇ ಕೊಟ್ಟರೆ ದೀಪಕ್ಕಾದ ಗತಿಯೇ ಅದಕ್ಕೂ.

ಏನನ್ನೂ ಕೊಡದಿರುವುದೇ ಉತ್ತಮ, ಆ ಹಣವನ್ನು ದಾನಕ್ಕೆ ಕೊಡೋಣ ಎಂಬುದು ಎರಡು ಕಡೆಯಿಂದ ಬರುವ ಮಾತು. ಬ್ರಿಟನ್ನಿನಲ್ಲಿ ಮೇರಿ ಕ್ಯೂರಿ, ಕ್ಯಾನ್ಸರ್ ರಿಸರ್ಚ್ ಯು.ಕೆ.ಯಂಥ ಸಂಸ್ಥೆಗಳು ದೇಣಿಗೆಗೆ ಪ್ರತಿಯಾಗಿ ಅತಿಥಿಗಳಿಗೆ ಹಂಚಲು ಪುಟ್ಟ ಬ್ಯಾಡ್ಜುಗಳನ್ನು ಒದಗಿಸುತ್ತವೆ. ಬೆಂಗಳೂರಿನಲ್ಲಿ 2000ದಲ್ಲಿ ಹುಟ್ಟಿದ ಅಕ್ಷಯ ಪಾತ್ರೆ ಎಂಬ ದಾನಸಂಸ್ಥೆ ಲಂಡನ್ನಿನ ಗಡಿಯಾಚೆ ವಾಟ್‌ಫರ್ಡ್‌ನಲ್ಲೂ ಅಡುಗೆಮನೆ ತೆರೆದಿರುವುದರಿಂದ ಕನ್ನಡ ಕುಟುಂಬಗಳಿಗೆ ದಾನದ ದಾರಿ ದೂರದ್ದೂ ಅಲ್ಲ. ನಮ್ಮ ಕಡೆಯಿಂದ ಬರುವ ವಾದ ಇನ್ನೂ ಮೂಲಭೂತವಾದದ್ದು. ಕುವೆಂಪು ಮದುವೆಯ ಆಡಂಬರವನ್ನೇ ನಿರಾಕರಿಸಿ ‘ಮಂತ್ರ ಮಾಂಗಲ್ಯ’ವನ್ನು ರೂಪಿಸಿದರು, ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ 1966ರಲ್ಲಿ ನಡೆದದ್ದು ಆ ಕ್ರಮದಲ್ಲಿ. ಆ ದಾರಿಯಲ್ಲಿ ಹೋಗುವವರು ತಾಂಬೂಲ ಬಿಟ್ಟರೆ ಅದರಲ್ಲಿ ಸುಸಂಗತಿಯಿದೆ. ಮುನ್ನೂರು ಜನರ ಊಟ, ಹೂವಿನ ಮಂಟಪ, ಡ್ರೋನ್ ಕ್ಯಾಮೆರಾ ಎಲ್ಲ ಇಟ್ಟುಕೊಂಡು ತಾಂಬೂಲವೊಂದನ್ನು ಮಾತ್ರ ದಾನದ ಹೆಸರಿನಲ್ಲಿ ಕೈಬಿಡುವುದರಲ್ಲಿ ಅದಿಲ್ಲ. ಇಡೀ ಖರ್ಚಿನಲ್ಲಿ ಅತಿ ಚಿಕ್ಕ ಪಾಲು ಅದು, ಊಟ ಬಿಟ್ಟರೆ ಅತಿಥಿಗೆ ನೇರವಾಗಿ ಸಲ್ಲುವ ಏಕೈಕ ಪಾಲೂ ಅದೇ. ಇನ್ನೊಂದು ಸಂಗತಿಯೂ ಇದೆ: ತಟ್ಟೆಯ ಪಕ್ಕದಲ್ಲಿ ‘ನಿಮ್ಮ ಪರವಾಗಿ ದಾನ ಮಾಡಿದ್ದೇವೆ’ ಎಂಬ ಚೀಟಿ ಇಟ್ಟಾಗ ದಾನಿಯ ಹೆಸರು ಅತಿಥಿಗೆ ಗೊತ್ತಾಗುತ್ತದೆ, ಬೇರೇನೂ ದಕ್ಕುವುದಿಲ್ಲ. ದಾನ ಮಾಡುವವರು ಲಕೋಟೆಯ ಪೆಟ್ಟಿಗೆಯಿಂದ ಮಾಡಲಿ. ತೆಂಗಿನಕಾಯಿಯಿಂದ ಕಡಿತ ಮಾಡುವುದು ಬೇಡ.

ಚೀಲದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. ಇಂಗ್ಲೆಂಡಿನಲ್ಲಿ ಅಂಗಡಿಯ ಪ್ಲಾಸ್ಟಿಕ್ ಚೀಲಕ್ಕೆ 2015ರಲ್ಲಿ 5 ಪೆನ್ಸ್, 2021ರಿಂದ 10 ಪೆನ್ಸ್ ಶುಲ್ಕ ಬಂದ ಮೇಲೆ ಎಲ್ಲರ ಜೇಬಿನಲ್ಲೂ ಬಟ್ಟೆ ಚೀಲವಿರುತ್ತದೆ. ಹೆಸರು ಅಚ್ಚು ಹಾಕಿಸದ ಗಟ್ಟಿ ಬಟ್ಟೆ ಚೀಲವೇ ಹೆಚ್ಚು ದಿನ ಬಳಕೆಯಾಗುತ್ತದೆ, ಮದುಮಕ್ಕಳಿಗೆ ಇದು ಇಷ್ಟವಾಗದಿದ್ದರೂ.

ಕೊಡುವ ರೀತಿಯೇ ಮುಖ್ಯವೆಂದು ಹೇಳುವ ಯಾವ ವಾದವೂ ಒಂದು ಕಹಿ ಪ್ರಶ್ನೆಯನ್ನು ದಾಟಿ ಹೋಗಲಾರದು, ಏಕೆಂದರೆ ತಾಂಬೂಲದ ಹಳೆಯ ರೀತಿಯಲ್ಲೇ ಒಂದು ಹೊರಗಿಡುವಿಕೆ ಇತ್ತು. ಅರಿಶಿನ ಕುಂಕುಮ, ಬಳೆ, ರವಿಕೆ ಕಣ ಮುತ್ತೈದೆಯರಿಗೆ ಮಾತ್ರ. ಗಂಡನನ್ನು ಕಳೆದುಕೊಂಡ ಅತ್ತಿಗೆ ಅಡುಗೆಮನೆಯಲ್ಲಿ ದುಡಿದಿದ್ದರೂ ಬಾಗಿಲ ಬಳಿ ಆ ತಟ್ಟೆ ಅವಳನ್ನು ದಾಟಿ ಮುಂದೆ ಹೋಗುತ್ತಿತ್ತು. ತಟ್ಟೆಯ ಪಕ್ಕ ಇಡುವ ಇಂಗ್ಲಿಷ್ ಫೇವರ್ ಎಷ್ಟೇ ಸಪ್ಪೆಯಾದರೂ ಈ ಅವಮಾನ ಮಾಡಿಲ್ಲವೆಂದು ಒಪ್ಪಿಕೊಳ್ಳಬೇಕು. ಕೈಯಿಂದ ಕೈಗೆ ಕೊಡುವುದರ ವಿರುದ್ಧ ಇರುವ ಅತ್ಯಂತ ಬಲವಾದ ಆಕ್ಷೇಪ ಇದೇ. ಆದರೆ ದೋಷವಿರುವುದು ಕೈಯಲ್ಲಿ ಅಲ್ಲ, ಯಾದಿಯಲ್ಲಿ, ಯಾದಿಯನ್ನು ತಿದ್ದಬಹುದು. ವಿಧವೆಯರು, ವಿಚ್ಛೇದಿತರು, ಮದುವೆಯಾಗದವರು, ಬೇರೆ ಧರ್ಮದವರು, ಗಂಡಸರು ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಉಂಡಿರುವ ಲಂಡನ್ನಿನ ಮದುವೆಯಲ್ಲಿ ಯಾರಿಗೆ ಯಾವ ಗುರುತು ಸಲ್ಲುತ್ತದೆಂದು ಬಾಗಿಲಲ್ಲಿ ಅಳೆಯುವುದು ಅಸಾಧ್ಯ, ಅನಗತ್ಯ ಕೂಡ. ಕುಂಕುಮದ ಬಟ್ಟಲನ್ನು ಪಕ್ಕದಲ್ಲಿ ಇಟ್ಟು ಬೇಕಾದವರು ತೆಗೆದುಕೊಳ್ಳಲು ಬಿಡಿ. ಚೀಲಗಳಲ್ಲಿ ಗಂಡು ಹೆಣ್ಣು, ಮುತ್ತೈದೆಯರು ಮುತ್ತೈದೆಯರಲ್ಲದವರು ಎಂದು ಬಗೆ ಮಾಡಬೇಡಿ. ಬಾಗಿಲಲ್ಲಿ ನಿಂತು ಕೊಡಲು ಮನೆಯ ಹಿರಿಯರನ್ನು ಆರಿಸುವಾಗ, ಇಷ್ಟು ವರ್ಷ ಆ ತಟ್ಟೆ ಯಾರನ್ನು ದಾಟಿ ಹೋಗಿತ್ತೋ ಅವರ ಕೈಗೇ ಮೊದಲು ಅದನ್ನು ಕೊಡಿ.